ಫೋನು ಬಿಟ್ಟು ನಡೆಯುತ್ತಿದ್ದ ಪಿ.ಟಿ. ಮೇಡಂ

ಅವರು ನಡೆಯುವಾಗ ಎರಡೂ ಕೈಗಳು ಮೊಣಕೈಯಿಂದಲ್ಲ, ಭುಜದಿಂದಲೇ ಬೀಸಿ ಬರುತ್ತಿದ್ದವು. ಅಂಗೈ ಬಿಚ್ಚಿ, ಬೆರಳು ಸಡಿಲ ಬಿಟ್ಟು, ಕತ್ತು ನೆಟ್ಟಗೆ. ಭದ್ರಾವತಿಯ ಓಲ್ಡ್ ಟೌನಿನ ಇಕ್ಕಟ್ಟು ಬೀದಿಯಲ್ಲಿ ಹಿಂದಿನಿಂದ ಬರುವ ಸೈಕಲ್ಲಿನವರು ಬೆಲ್ ಹೊಡೆಯುವ ಗೋಜಿಗೂ ಹೋಗದೆ ಅಗಲಕ್ಕೆ ಸುತ್ತು ಹಾಕಿಕೊಂಡು ಮುಂದೆ ಹೋಗುತ್ತಿದ್ದರು. ಅರವತ್ತು ದಾಟಿದ ಮೇಲೂ ಆ ನಡಿಗೆ ಹಾಗೇ ಉಳಿದಿತ್ತು. ಕೈಯಲ್ಲಿ ಚೀಲ ಹಿಡಿದು ನಡೆದದ್ದನ್ನು ನಾನು ಕಂಡಿಲ್ಲ. ತರಕಾರಿ ತರಬೇಕಾದರೂ ಬೆನ್ನಿಗೆ ಚೀಲ ಹಾಕಿಕೊಂಡೇ ಹೊರಡುತ್ತಿದ್ದರು.

ಹೈಸ್ಕೂಲಿನಲ್ಲಿ ಅವರು ನಮ್ಮ ಪಿ.ಟಿ. ಮೇಡಂ. ನನಗೆ ಉಬ್ಬಸವಿತ್ತು. ಮಗಳನ್ನು ಆಟಕ್ಕೆ ಸೇರಿಸಬೇಡಿ ಎಂದು ಅಮ್ಮ ಶಾಲೆಗೇ ಬಂದು ಹೇಳಿ ಹೋಗಿದ್ದಳು. ಮೇಡಂ ಅಮ್ಮನ ಮುಂದೆ ತಲೆಯಾಡಿಸಿದರು. ಮಾರನೆಯ ದಿನ ನನ್ನನ್ನು ಮೈದಾನದ ಅಂಚಿಗೆ ಕರೆದುಕೊಂಡು ಹೋಗಿ, "ಓಡಬೇಡ, ನಡಿ. ಸಾಕು ಅನಿಸಿದಾಗ ನೀನೇ ನಿಲ್ಲು. ನಾನು ನಿಲ್ಸಲ್ಲ" ಅಂದರು. ಅಲ್ಲಿಯವರೆಗೆ ನನ್ನ ಉಸಿರಿನ ಬಗ್ಗೆ ಎಲ್ಲರೂ ನನ್ನ ಪರವಾಗಿ ತೀರ್ಮಾನ ಮಾಡುತ್ತಿದ್ದರು. ಅದನ್ನು ನನ್ನ ಕೈಗೇ ಬಿಟ್ಟವರು ಅವರೊಬ್ಬರೇ.

ಎಷ್ಟೋ ವರ್ಷಗಳ ಮೇಲೆ, ಗಂಡನಿಂದ ಬೇರೆಯಾಗಿ ಪುಟ್ಟ ಮಗಳನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಅಮ್ಮನ ಮನೆಗೆ ಬಂದೆ. ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು. ಯಾರ ಕಣ್ಣಿಗೂ ಬೀಳುವುದು ಬೇಡವಾಗಿದ್ದ ಕಾಲ ಅದು. ಅದು ಹೇಗೋ ಸುದ್ದಿ ತಿಳಿದ ಮೇಡಂ ಫೋನ್ ಮಾಡಿ, ಭಾನುವಾರ ಬೆಳಿಗ್ಗೆ ಬಾ, ಚಾನಲ್ ಏರಿ ಮೇಲೆ ನಡೆಯೋಣ ಅಂದರು. ಭದ್ರಾ ನಾಲೆಯನ್ನು ನಮ್ಮ ಕಡೆ ಚಾನಲ್ ಅಂತಲೇ ಕರೆಯುವುದು. ಹೋದೆ. ಆಮೇಲೆ ಭಾನುವಾರಗಳೆಲ್ಲ ಹಾಗೇ ಆದವು. ಏನಾಯಿತು, ಯಾಕಾಯಿತು ಎಂದು ಅವರು ಒಂದು ದಿನವೂ ಕೇಳಲಿಲ್ಲ. ನಾನು ಅತ್ತರೆ ನಡಿಗೆ ನಿಧಾನ ಮಾಡುತ್ತಿದ್ದರು, ಅಷ್ಟೇ.

ಅವರು ಮದುವೆಯಾಗಿರಲಿಲ್ಲ. ತಮ್ಮನ ಮನೆಯ ಮಹಡಿಯಲ್ಲಿ ವಾಸ. ತಮ್ಮನಿಗೆ ಓಲ್ಡ್ ಟೌನಿನಲ್ಲೇ ಔಷಧಿ ಅಂಗಡಿ. ಮಾತು ಕಡಿಮೆ, ಗಾಬರಿ ಜಾಸ್ತಿ. ಅಕ್ಕ ಅಂದರೆ ಅವರಿಗೆ ಜೀವ. ಅದನ್ನು ತೋರಿಸುವಾಗ ಮಾತ್ರ ಅದು ಬೈಗುಳವಾಗಿ ಹೊರಗೆ ಬರುತ್ತಿತ್ತು.

ನಿವೃತ್ತಿಯಾದ ಎರಡನೇ ವರ್ಷ ಮೇಡಂಗೆ ಫಿಟ್ಸ್ ಬಂತು. ಅಡಿಗೆಮನೆಯಲ್ಲಿ ನಿಂತವರು ನಿಂತಹಾಗೇ ಬಿದ್ದರು. ಮೆದುಳಿನಲ್ಲಿ ಹಳೆಯದೊಂದು ಗಾಯದ ಕಲೆ ಇದೆ, ಮಾತ್ರೆ ತಪ್ಪಿಸಬಾರದು, ಸ್ಕೂಟರ್ ಓಡಿಸಬಾರದು, ನೀರಿಗೆ ಇಳಿಯಬಾರದು ಎಂದರು ಶಿವಮೊಗ್ಗದ ಡಾಕ್ಟರು. ನಡೆಯಬಹುದೇ ಎಂದು ಮೇಡಂ ಕೇಳಿದರು. ನಡೆಯಬಹುದು, ಆದರೆ ಜೊತೆಗೆ ಯಾರಾದರೂ ಇದ್ದರೆ ಒಳ್ಳೆಯದು ಅಂದರು ಡಾಕ್ಟರು. ಆ ಮಾತಿನ ಮೊದಲರ್ಧ ಅಕ್ಕನಿಗೆ ಕೇಳಿಸಿತು, ಕೊನೆಯರ್ಧ ತಮ್ಮನಿಗೆ. ಜಗಳ ಅಲ್ಲಿಂದಲೇ ಶುರು.

ಚಾನಲ್ ಏರಿ ಬಿಟ್ಟು ಮನೆಯ ಮುಂದಿನ ಬೀದಿಯಲ್ಲೇ ಓಡಾಡು ಎಂದು ತಮ್ಮ ಹಟ ಹಿಡಿದರು. ಮೇಡಂ ಒಪ್ಪಲಿಲ್ಲ. ಹಾಗಾದರೆ ಫೋನಾದರೂ ಹಿಡಿದುಕೊಂಡು ಹೋಗು ಎಂದರು. ಚೂಡಿದಾರಿಗೆ ಜೇಬಿಲ್ಲ, ಕೈಯಲ್ಲಿ ಹಿಡಿದರೆ ಕೈ ಬೀಸಲಾಗುವುದಿಲ್ಲ. ಸೊಂಟದ ಚೀಲ ಒಂದು ವಾರ ಕಟ್ಟಿಕೊಂಡು ಹೋದರು, ಆಮೇಲೆ ಅದು ಬಾಗಿಲ ಹಿಂದಿನ ಮೊಳೆ ಸೇರಿತು. ಕೊನೆಗೆ ತಮ್ಮ ನನಗೇ ಫೋನ್ ಮಾಡಿ, ಬಿದ್ದರೆ ತಾನೇ ಕರೆ ಮಾಡುವ ವಾಚು ಇದೆಯಂತಲ್ಲ, ಅದನ್ನಾದರೂ ಕೊಡಿಸು, ನನ್ನ ಮಾತು ಅವಳು ಕೇಳುವುದಿಲ್ಲ ಎಂದರು.

ನೆಹರೂ ರಸ್ತೆಯ ಅಂಗಡಿಗೆ ನಾವಿಬ್ಬರೂ ಹೋದೆವು. ಮಾರುವ ಹುಡುಗಿ ಒಂದೇ ಥರ ಕಾಣುವ ಎರಡು ವಾಚು ತಂದಿಟ್ಟಳು. ಒಂದು, ಫೋನು ಹತ್ತಿರವಿದ್ದರೆ ಮಾತ್ರ ಕರೆ ಮಾಡುವಂಥದ್ದು. ಇನ್ನೊಂದಕ್ಕೆ ತನ್ನದೇ ಸಂಪರ್ಕ ಹಾಕಿಸಬಹುದು. ನಂಬರು ಫೋನಿನದೇ, ಪ್ಲಾನ್ ಮಾತ್ರ ಬೇರೆ, ಚಾರ್ಜು ಬೇಗ ಮುಗಿಯುತ್ತದೆ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ.

"ಫೋನ್ ಮನೇಲಿಟ್ಟು ನಾನು ಚಾನಲ್ ಕಡೆ ಹೋದ್ರೆ, ಪ್ಲಾನ್ ಇಲ್ಲದ ವಾಚು ಏನು ಮಾಡುತ್ತೆ?"

"ಟೈಮ್ ತೋರಿಸುತ್ತೆ ಮೇಡಂ. ಎಷ್ಟು ನಡೆದ್ರಿ ಅಂತ ಹೇಳುತ್ತೆ."

ಎರಡನೆಯದನ್ನು ಕೊಂಡೆವು. ಆದರೆ ಪ್ಲಾನ್ ಹಾಕಿಸಲು ಮೇಡಂ ಬಿಡಲಿಲ್ಲ. ಮನೆಗೆ ಬಂದ ಮೇಲೆ ಆ ವಾಚು ತಾನಿರುವ ಜಾಗವನ್ನು ಇತರರ ಫೋನಿನಲ್ಲಿ ತೋರಿಸುತ್ತದೆಂದು ತಮ್ಮ ಖುಷಿಯಿಂದ ವಿವರಿಸಿದ್ದೇ ಅದಕ್ಕೆ ಕಾರಣ. ಅಂಗಡಿಯಲ್ಲಿ ಕೂತೇ ಅಕ್ಕ ಎಲ್ಲಿದ್ದಾಳೆ ಅಂತ ನೋಡಬಹುದು ಎಂದು ಅವರು ಹೇಳುತ್ತಿದ್ದಾಗ ಮೇಡಂ ಮುಖ ಬಿಗಿಯಾದದ್ದನ್ನು ನಾನು ಕಂಡೆ. ತಾನು ಹಟ್ಟಿ ಬಿಟ್ಟ ದನವಲ್ಲ ಅಂದರು. ಮುಂದೆ ನೋಡೋಣ ಎಂದು ನಾನೂ ಸುಮ್ಮನಾದೆ.

ಆ ಮುಂದೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಮಳೆಗಾಲ ಕಳೆದ ಒಂದು ಬೆಳಿಗ್ಗೆ ತಮ್ಮನ ಫೋನು ಬಂತು. ಅಕ್ಕ ತಿಂಡಿಯ ಹೊತ್ತಿಗೂ ಬಂದಿಲ್ಲ, ಫೋನು ಮಹಡಿಯಲ್ಲೇ ಇದೆ. ನಾನು ಸ್ಕೂಟಿ ತೆಗೆದುಕೊಂಡು ಹೊರಟೆ. ಶಿವಮೊಗ್ಗದಿಂದ ಭದ್ರಾವತಿಗೆ ಅಷ್ಟು ದೂರವಿದೆ ಎಂದು ನನಗೆ ಗೊತ್ತಾದದ್ದು ಅಂದೇ. ದಾರಿಯುದ್ದಕ್ಕೂ ತುಂಬಿ ಹರಿಯುವ ಚಾನಲ್ ಒಂದೇ ಕಣ್ಣ ಮುಂದೆ. ನಾನು ತಲುಪಿದಾಗ ತಮ್ಮ ಏರಿಯ ಮೇಲೆ ಸ್ಕೂಟರ್ ನಿಲ್ಲಿಸಿಕೊಂಡು ನೀರನ್ನೇ ನೋಡುತ್ತಾ ನಿಂತಿದ್ದರು. ಹುಡುಕುವುದನ್ನು ಬಿಟ್ಟುಬಿಟ್ಟಿದ್ದರು. ನನ್ನನ್ನು ಕಂಡು ನೀರಿನ ಕಡೆ ಕೈ ತೋರಿಸಿದರು.

ಗದ್ದೆಗೆ ಹೊರಟಿದ್ದ ಇಬ್ಬರು ಹೆಂಗಸರು ಮೇಡಂ ಅವರನ್ನು ಕಂಡರು. ಏರಿಯಿಂದ ಆಚೆ, ಗದ್ದೆಯ ಕಡೆಗೆ ಉರುಳಿ ಬಿದ್ದಿದ್ದರು. ಈಚೆಗೆ ಉರುಳಿದ್ದರೆ ನೀರು. ಎಚ್ಚರವಿತ್ತು, ಎಡಭುಜ ಮುರಿದಿತ್ತು, ಬಾಯಲ್ಲಿ ರಕ್ತ. ವಾಚಿನ ಮುಖದಲ್ಲಿ ಫೋನ್ ಸಂಪರ್ಕ ಇಲ್ಲ ಎಂಬ ಗುರುತು ಕೆಂಪಗೆ ಕಾಣುತ್ತಿತ್ತು.

ಆಸ್ಪತ್ರೆಯ ವಾರ್ಡಿನಲ್ಲಿ ತಮ್ಮ ಇನ್ನು ನಡೆದದ್ದು ಸಾಕು ಎಂದು ತೀರ್ಪು ಕೊಟ್ಟರು. ಮೇಡಂ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡರು. ಅವರು ಹೆದರಿದ್ದನ್ನು ನಾನು ನೋಡಿದ್ದು ಆಗಲೇ. ಬಿದ್ದಾಗ ಏನನ್ನಿಸಿತು ಎಂದು ಆಮೇಲೆ ಕೇಳಿದೆ. ಎಚ್ಚರವಾದ ಮೇಲೆ ಕೂಗಲು ನೋಡಿದರಂತೆ, ನಾಲಿಗೆ ಕಚ್ಚಿಕೊಂಡಿದ್ದರಿಂದ ದನಿ ಹೊರಡಲಿಲ್ಲವಂತೆ. ವಾಚಿನ ಗುಂಡಿ ಒತ್ತಿ ಒತ್ತಿ ನೋಡಿದರಂತೆ, ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ.

ಭುಜ ಕೂಡಿಕೊಂಡ ಮೇಲೆ ಒಂದು ಮಧ್ಯಾಹ್ನ ನಮ್ಮಿಬ್ಬರನ್ನೂ ಮಹಡಿಗೆ ಕರೆದರು. ಕುರ್ಚಿಯಲ್ಲಿ ನೆಟ್ಟಗೆ ಕೂತು ಮಾತು ಶುರು ಮಾಡಿದರು.

"ಆ ಪ್ಲಾನ್ ಹಾಕ್ಸಿ. ನೀವು ನನ್ನ ಕಾಯೋಕೆ ಅಲ್ಲ, ನಾನು ಒಬ್ಳೇ ಹೊರಗೆ ಹೋಗೋಕೆ. ನಾನು ಬಿದ್ರೆ ಅದು ಕರೆಯುತ್ತೆ. ನಾನೇ ಕರೆದ್ರೆ ಬನ್ನಿ. ಮಿಕ್ಕ ಹೊತ್ತು ಆ ಮ್ಯಾಪ್ ಯಾರೂ ತೆಗೆದು ನೋಡಬಾರದು. ನನ್ನ ಹಿಂದೆ ಯಾರೂ ಬರಬಾರದು. ಒಪ್ಪಿಗೆ ಇದ್ರೆ ಹೇಳಿ, ಇಲ್ಲ ಅಂದ್ರೆ ವಾಚೂ ಬೇಡ."

ಏರಿಯ ಮೇಲೆ ಬಿದ್ದು ಸತ್ತರೆ ಎಂದು ತಮ್ಮ ಕೇಳಿದರು. ಮನೆಯೊಳಗೇ ಕೂತರೆ ಸಾಯುವುದಿಲ್ಲವೇ ಎಂದರು ಮೇಡಂ. ತಮ್ಮ ಎದ್ದು ನಿಂತು, ಆಯ್ತು ಅಕ್ಕ ಅಂದರು. ಆ ಆಯ್ತು ಅಷ್ಟು ಸುಲಭವಾಗಿ ಬಂದದ್ದು ನನಗೆ ವಿಚಿತ್ರವೆನಿಸಿತು.

ಪ್ಲಾನ್ ಹಾಕಿಸಿದ ಮೇಲೂ ಮೇಡಂ ಅದನ್ನು ಕಣ್ಣು ಮುಚ್ಚಿ ನಂಬಲಿಲ್ಲ. ಫೋನು ಮನೆಯಲ್ಲೇ ಬಿಟ್ಟು ಏರಿಯುದ್ದಕ್ಕೂ ನನ್ನ ಜೊತೆ ನಡೆದು, ಅಲ್ಲಲ್ಲಿ ನಿಂತು ವಾಚಿನಿಂದ ನನ್ನ ಫೋನಿಗೆ ಕರೆ ಮಾಡಿ ನೋಡಿದರು. ಗದ್ದೆಗೆ ನೀರು ಬಿಡುವ ತೂಬೊಂದಿದೆ. ಅಲ್ಲಿಯವರೆಗೆ ದನಿ ಬರುತ್ತಿತ್ತು, ತೂಬು ದಾಟಿದರೆ ತುಂಡಾಗುತ್ತಿತ್ತು. ಇನ್ನು ತೂಬಿನಿಂದ ವಾಪಸ್ ತಿರುಗುವುದು ಎಂದು ಅವರೇ ಗೆರೆ ಎಳೆದುಕೊಂಡರು.

ಬೆಳಗಿನ ಹೊತ್ತು ನನ್ನ ಬೆರಳು ಆ ಮ್ಯಾಪಿನ ಕಡೆ ಎಷ್ಟು ಸಲ ಹೋಗಿದೆಯೋ. ಮಗಳ ಜಡೆ ಹೆಣೆಯುವಾಗ, ಒಲೆಯ ಮುಂದೆ ನಿಂತಾಗ, ಈಗ ಎಲ್ಲಿರಬಹುದು ಎಂಬ ಯೋಚನೆ. ನೋಡಲಿಲ್ಲ. ನೋಡದೆ ಇರುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಗಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಾಗ ಅವರ ನಂಬರಿನಿಂದ ಕರೆ ಬಂತು. ನಡೆಯುವ ಹೊತ್ತಿನಲ್ಲಿ ಅವರು ಎಂದೂ ಕರೆ ಮಾಡಿದವರಲ್ಲ. ಎತ್ತಿದೆ. ಮೊದಲು ನೀರಿನ ಸದ್ದು, ಏದುಸಿರು.

"ನಡುವೆ ಮಾತಾಡಬೇಡ, ಕೇಳು. ನನ್ನ ತಮ್ಮ ಚಾನಲ್ ಒಳಗಿದ್ದಾನೆ. ಸ್ಕೂಟರ್ ಜಾರ್ತು. ನನ್ನ ಎರಡೂ ಕೈ ಬಿಡುವಿಲ್ಲ, ಬಾಯಲ್ಲಿ ಹೇಳಿ ವಾಚಿಂದ ಕರೆದೆ. ನೂರಾ ಹನ್ನೆರಡಕ್ಕೆ ನೀನು ಫೋನ್ ಮಾಡು. ಮ್ಯಾಪ್ ತೆಗಿ. ಈಗ ನೋಡಬಹುದು."

ಅಮ್ಮನ ಫೋನು ಕಿತ್ತುಕೊಂಡು ನೂರಾ ಹನ್ನೆರಡಕ್ಕೆ ಹಚ್ಚಿದೆ. ನನ್ನ ಫೋನಿನಲ್ಲಿ ಮ್ಯಾಪ್ ತೆರೆದೆ. ತೂಬಿನ ಹತ್ತಿರ ನೀಲಿ ಚುಕ್ಕೆ ಅಲ್ಲಾಡದೆ ನಿಂತಿತ್ತು. ಜಾಗ ಹೇಳಿದೆ, ಗುರುತು ಹೇಳಿದೆ, ಮತ್ತೆ ಹೇಳಿದೆ. ಈ ಕಿವಿಯಲ್ಲಿ ತುರ್ತು ಸಹಾಯದವರ ಪ್ರಶ್ನೆ, ಆ ಕಿವಿಯಲ್ಲಿ ನೀರಿನ ಸದ್ದು, ನಡುನಡುವೆ ತುಂಡಾಗುವ ಮೇಡಂ ದನಿ. ನನ್ನ ಜೊತೆಗಲ್ಲ, ತಮ್ಮನ ಜೊತೆ ಮಾತಾಡುತ್ತಿದ್ದರು. ಕಾಲು ಒದೆಯಬೇಡ, ನೀರು ನೋಡಬೇಡ, ನನ್ನ ಮುಖ ನೋಡು. ಮೈದಾನದಲ್ಲಿ ನಮಗೆ ಹೇಳುತ್ತಿದ್ದ ಅದೇ ಲಯ.

ಒಂದು ವೇಳೆ ಈಗಲೇ ಅವರಿಗೆ ಫಿಟ್ಸ್ ಬಂದರೆ ಇಬ್ಬರೂ ಹೋದಹಾಗೆ. ತಡೆಯಲಾರದೆ ಕೇಳಿಯೇಬಿಟ್ಟೆ.

"ಮೇಡಂ, ನಿಮ್ಮ ತಲೆ ಸರಿ ಇದೆಯಾ?"

"ಗೊತ್ತಿಲ್ಲ ಮಾರಾಯ್ತಿ. ಅದಕ್ಕೇ ಅವನು ಹಿಡಿದಿರೋ ನನ್ನ ವೇಲನ್ನ ಕೈಗೆ ಸುತ್ಕೊಂಡಿಲ್ಲ, ಗಡಿಕಲ್ಲಿಗೆ ಕಟ್ಟಿದೀನಿ. ಗಂಟು ಜಾರದ ಹಾಗೆ ಹಿಡ್ಕೊಂಡಿದೀನಿ ಅಷ್ಟೆ. ನಾನು ಬಿದ್ರೂ ಅವನು ಹೋಗಲ್ಲ."

ಆಮೇಲಿನ ಸ್ವಲ್ಪ ಹೊತ್ತು ನನಗೆ ಸರಿಯಾಗಿ ನೆನಪಿಲ್ಲ. ಮಗಳು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತದ್ದು ನೆನಪಿದೆ. ಆಮೇಲೆ ಟ್ರಾಕ್ಟರಿನ ಸದ್ದು, ಗಂಡಸರ ದನಿ, ಹಿಡಿ ಹಿಡಿ ಎಂಬ ಗಲಾಟೆ. ಗದ್ದೆಯಿಂದ ಬಂದವರು ತಮ್ಮನನ್ನು ಮೇಲೆಳೆದಿದ್ದರು. ಸ್ಕೂಟರಿನಡಿ ಸಿಕ್ಕಿ ಒಂದು ಕಾಲು ಮುರಿದಿತ್ತು, ಪಾಚಿಗಟ್ಟಿದ ಕಾಂಕ್ರೀಟಿನ ಇಳಿಜಾರಿನಲ್ಲಿ ಅವರಿಗೆ ಕಾಲೂರಲು ಆಗಿರಲಿಲ್ಲ. ಅಂಗಿಯ ಜೇಬಿನಲ್ಲಿದ್ದ ಫೋನು ನೀರುಪಾಲಾಗಿತ್ತು. ಆ ಹೊತ್ತಿನಲ್ಲಿ ಅಲ್ಲಿಂದ ಹೊರಗಿನವರಿಗೆ ಕೇಳುವಂತಿದ್ದದ್ದು ಮೇಡಂ ಮಣಿಕಟ್ಟಿನ ವಾಚು ಒಂದೇ.

ಕರೆ ಇನ್ನೂ ಕತ್ತರಿಸಿರಲಿಲ್ಲ. ಅವರು ಮರೆತಿದ್ದರು. ತಮ್ಮ ಅಳುತ್ತಿದ್ದರು. ಪ್ಲಾನ್ ಹಾಕಿಸಿದ ಮೊದಲ ದಿನದಿಂದಲೂ ದೂರದಲ್ಲಿ ಸ್ಕೂಟರ್ ಹಾಕಿಕೊಂಡು ಹಿಂದೆ ಬರುತ್ತಿದ್ದೆ, ಆ ವಾಚಿನ ಮೇಲೆ ನನಗೆ ನಂಬಿಕೆ ಇರಲಿಲ್ಲ ಎಂದು ಬಿಕ್ಕುತ್ತಾ ಹೇಳುತ್ತಿದ್ದರು. ಮೇಡಂ ಗದರುತ್ತಾರೆ ಎಂದುಕೊಂಡೆ.

"ಗೊತ್ತು ಕಣೋ. ನಿನ್ನ ಸ್ಕೂಟರ್ ಸದ್ದು ನಂಗೆ ಗೊತ್ತಿಲ್ವಾ? ತಿರುಗಿ ನೋಡಿದ್ರೆ ನೀನು ಬರೋದು ಬಿಟ್ಟುಬಿಡ್ತೀಯ ಅಂತ ನೋಡ್ಲಿಲ್ಲ."

ಮುಂದಿನದು ನಾನು ಕೇಳಬೇಕಾದದ್ದಲ್ಲ ಅನಿಸಿತು. ಫೋನು ಇಟ್ಟೆ.

ಆಮೇಲೆ ಮೇಡಂ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಬದುಕಿದರು. ತಮ್ಮನ ಕಾಲು ಸರಿಹೋದ ಮೇಲೆ ಅವರೂ ಏರಿಯ ಮೇಲೆ ನಡೆಯಲು ಶುರು ಮಾಡಿದರು, ಅಕ್ಕನ ಜೊತೆಗಲ್ಲ, ಎದುರಿನ ದಿಕ್ಕಿನಿಂದ. ದಾರಿಯಲ್ಲಿ ಎದುರಾದಾಗ ಇಬ್ಬರೂ ತಲೆಯಾಡಿಸಿ ಮುಂದೆ ಹೋಗುತ್ತಿದ್ದರಂತೆ. ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಮೇಡಂ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಸ್ಟ್ರೋಕ್. ಯಾರನ್ನೂ ಕರೆಯಬೇಕಾಗಿರಲಿಲ್ಲ, ತಮ್ಮ ಎದುರಿಗೇ ಕೂತಿದ್ದರು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಕೊನೆಯವರೆಗೂ ಎಚ್ಚರವಾಗಲಿಲ್ಲ. ನಾವಿಬ್ಬರೂ ಹಾಸಿಗೆಯ ಎರಡು ಪಕ್ಕ ಕೂತಿದ್ದೆವು.

ಮಗಳು ಈಗ ಹೈಸ್ಕೂಲಿಗೆ ಬಂದಿದ್ದಾಳೆ. ಸಂಜೆ ಸೈಕಲ್ ತುಳಿದು ಹಾಕಿ ಆಟದ ಅಭ್ಯಾಸಕ್ಕೆ ಹೋಗುತ್ತಾಳೆ. ಮೈದಾನದಲ್ಲಿ ಫೋನು ಇಟ್ಟುಕೊಳ್ಳಲು ಜಾಗವಿಲ್ಲ, ವಾಚು ಬೇಕೆಂದಳು. ಬರೀ ವಾಚು ಸಾಕೋ, ಅದಕ್ಕೇ ಬೇರೆ ಪ್ಲಾನ್ ಬೇಕೋ ಎಂದು ಅಂಗಡಿಯವರು ಕೇಳಿದರು. ಹಾಕಿಸಿದೆ. ಮನೆಗೆ ಬಂದು ಅವಳನ್ನು ಎದುರಿಗೆ ಕೂರಿಸಿಕೊಂಡು, ನೀನೆಲ್ಲಿದ್ದೀಯ ಅಂತ ನಾನು ಮ್ಯಾಪ್ ತೆರೆದು ನೋಡುವುದಾದರೆ ಯಾವಾಗ ನೋಡಬಹುದು, ನೀನೇ ಹೇಳು ಅಂದೆ. ಅವಳು ವಾಚಿನ ಪಟ್ಟಿ ಬಿಗಿ ಮಾಡಿಕೊಂಡಳು.

"ಕತ್ತಲಾದ್ರೂ ನಾನು ಬರ್ಲಿಲ್ಲ ಅಂದ್ರೆ ನೋಡು."

ಈಗ ದಿನಾ ಸಂಜೆ ಫೋನನ್ನು ಒಳಗಿಟ್ಟು ಹೊರಗೆ ಮೆಟ್ಟಿಲ ಮೇಲೆ ಬಂದು ಕೂರುತ್ತೇನೆ. ಎದುರುಮನೆಯ ಗೋಡೆಯ ಮೇಲಿನ ಬೆಳಕು ಕಡಿಮೆಯಾಗುವುದನ್ನೇ ನೋಡುತ್ತಿರುತ್ತೇನೆ.