ಮೆಷಿನ್ ನಿಂತ ಸಂಜೆ

ಚಳಿಗಾಲ ಬಂತೆಂದರೆ ನನಗೆ ಹೆದರಲು ಬೇಕಾದಷ್ಟು ಕಾರಣಗಳು ಸಿಗುತ್ತವೆ. ಕುಯ್ಲಿನ ಹೊತ್ತಿಗೆ ಮೋಡ ಕಟ್ಟಿದರೆ ಕಣದಲ್ಲಿ ಹರಡಿದ ಕಾಫಿಯ ಚಿಂತೆ. ಮೋಡವಿಲ್ಲದಿದ್ದರೆ ಇಬ್ಬನಿಯ ಚಿಂತೆ. ಎರಡೂ ಇಲ್ಲದ ದಿನ, ಏನನ್ನೋ ಮರೆತಿದ್ದೇನೆ ಎಂಬ ಚಿಂತೆ. ವಯಸ್ಸಾದಂತೆ ಇದು ಕಡಿಮೆಯಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಎಷ್ಟು ವಯಸ್ಸಾಗಬೇಕು ಎಂದು ಹೇಳಿರಲಿಲ್ಲ.

ನನ್ನ ಹೆಂಡತಿಗೆ ಈ ಕಾಯಿಲೆ ಇಲ್ಲ. ದೇವರಮನೆ ಬೆಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿ, ನಮ್ಮ ತೋಟದ ಗೇಟಿನ ಪಕ್ಕ, ಅವಳು ಅಂಗಡಿ ಇಟ್ಟಿದ್ದಾಳೆ. ನಮ್ಮದೇ ಕಾಫಿ, ಕಾಳುಮೆಣಸು, ಜೇನುತುಪ್ಪ, ಕಿತ್ತಳೆ. ಅಂಗಡಿಯ ಮಾಡಿಗೆ ನೇತುಹಾಕಿದ ಬಾಳೆಗೊನೆ. ಗಿರಾಕಿಯ ಎದುರಿಗೇ ಬೀಜ ಪುಡಿ ಮಾಡಿ ಕೊಡುತ್ತಾಳೆ. ಆ ಘಮಕ್ಕೇ ಪ್ರವಾಸಿಗಳ ಕಾರುಗಳು ನಿಲ್ಲುತ್ತವೆ. ಆದರೆ ಮೆಷಿನ್ ಹಳೆಯದು. ಅದು ಓಡುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ.

ಈ ಸಲದ ಚಳಿಗೆ ಒಂಟಿ ಸಲಗವೊಂದು ನಮ್ಮ ಸುತ್ತಿನ ತೋಟಗಳಲ್ಲೇ ಉಳಿದುಬಿಟ್ಟಿತ್ತು. ಅದು ಹಾದುಹೋದ ಕಡೆ ಬೈನೆ ಮರ ಸೀಳಿ ಬಿದ್ದಿರುತ್ತಿತ್ತು. ಅಷ್ಟು ದೊಡ್ಡ ಜೀವ ಕಾಫಿ ಗಿಡಗಳ ನಡುವೆ ನಿಂತರೆ ಹತ್ತಿರ ಹೋದವರಿಗೂ ಕಾಣುವುದಿಲ್ಲ. ಆಚೆ ಊರಿನಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಹೆಂಗಸೊಬ್ಬಳಿಗೆ ಹಾಗೇ ಕಂಡಿರಲಿಲ್ಲ. ಅವಳ ಹೆಣ ಸಿಕ್ಕ ಮೇಲೆ ನಮ್ಮ ಕೆಲಸದವರು ಬಿಸಿಲಿರುವಾಗಲೇ ಕತ್ತಿ, ಚೀಲ ಎತ್ತಿಕೊಂಡು ಹೊರಡತೊಡಗಿದರು.

"ಆ ಗೊನೆ ಒಳಗಿಡು ಮಾರಾಯ್ತಿ. ಹಣ್ಣಿನ ವಾಸನೆಗೆ ಬರುತ್ತೆ" ಎಂದೆ ಹೆಂಡತಿಗೆ.

"ಮೊದ್ಲು ನಿಮ್ಮನ್ನ ಒಳಗಿಡ್ಬೇಕು. ನಿಮ್ಮ ಮುಖ ನೋಡಿದ್ರೆ ಗಿರಾಕಿಗಳೇ ಓಡಿ ಹೋಗ್ತಾರೆ."

ನಮ್ಮಲ್ಲಿ ಆನೆ ಓಡಿಸುವುದೆಂದರೆ ಪಕ್ಕದ ತೋಟಕ್ಕೆ ದಾಟಿಸುವುದು. ಪಟಾಕಿ ಹೊಡೆದು ಅವರು ನಮ್ಮ ಕಡೆಗೆ, ನಾವು ಇನ್ನೊಬ್ಬರ ಕಡೆಗೆ. ಇದಕ್ಕೂ ಒಂದು ಮರ್ಯಾದೆ ಇದೆ: ಹೊಡೆಯುವ ಮೊದಲು ಫೋನ್ ಮಾಡಬೇಕು. "ನಿಮ್ ಕಡೆ ಕಳಿಸ್ತಾ ಇದೀವಿ, ನೋಡ್ಕೊಳ್ಳಿ" ಎನ್ನುತ್ತಾರೆ, ನೆಂಟರನ್ನು ಬಸ್ಸು ಹತ್ತಿಸಿದವರ ಹಾಗೆ.

ಆ ಸಂಜೆ ಫೋನ್ ಬರಲಿಲ್ಲ. ನಾನೂ ತೋಟದ ಮೇಸ್ತ್ರಿಯೂ ಕಣದಲ್ಲಿ ಕಾಫಿಯ ಮೇಲೆ ಟಾರ್ಪಾಲು ಎಳೆಯುತ್ತಿದ್ದೆವು. ಮಂಜು ಇಳಿಯುತ್ತಿತ್ತು. ಮೇಲಿನ ತೋಟದಲ್ಲಿ ಪಟಾಕಿ ಸಿಡಿಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು, ಇನ್ನೂ ಹತ್ತಿರ.

"ಅಣ್ಣ, ಇದು ಕೆಳಗೆ ರೋಡಿಗೇ ಇಳೀತಾ ಇದೆ" ಎಂದ ಮೇಸ್ತ್ರಿ.

ಕೆಳಗೆ ರೋಡಿನಲ್ಲಿ ಅಂಗಡಿ. ಅಲ್ಲಿಂದ ಮೆಷಿನ್ನಿನ ಸದ್ದು ಬರುತ್ತಲೇ ಇತ್ತು. ಫೋನ್ ಮಾಡಿದೆ, ಅವಳು ಎತ್ತಲಿಲ್ಲ. ಮತ್ತೆ ಮಾಡಿದೆ. ಓಡಲು ಹೊರಟರೆ ಮೇಸ್ತ್ರಿ ನನ್ನ ಸ್ವೆಟರ್ ಹಿಡಿದು ಎಳೆದ. "ಅದೂ ಅದೇ ದಾರೀಲಿ ಹೋಗ್ತಿರೋದು ಅಣ್ಣ. ನೀವು ಅದರ ಹಿಂದೆ ಹೋಗಿ ಏನ್ ಮಾಡ್ತೀರಿ?"

ಆಗ ನನಗೊಂದು ಉಪಾಯ ಹೊಳೆಯಿತು. ಅಂಗಡಿಗೆ ಕರೆಂಟು ಹೋಗುವುದು ಕಣದ ಪಕ್ಕದ ಶೆಡ್ಡಿನ ಬೋರ್ಡಿನಿಂದ. ಮೆಷಿನ್ ನಿಂತರೆ ಅವಳಿಗೆ ಪಟಾಕಿ ಕೇಳಿಸುತ್ತದೆ, ಫೋನೂ ಕೇಳಿಸುತ್ತದೆ. ಮೇನ್ ಸ್ವಿಚ್ ಕೆಳಗೆಳೆದೆ. ಸದ್ದು ನಿಂತಿತು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ತಲೆದೂಗಿ ಮುಗಿಯುವ ಮೊದಲೇ ನೆನಪಾಯಿತು: ಕರೆಂಟು ಹೋದರೆ ನಮ್ಮ ಕಡೆಯವರು ಮೊದಲು ಮಾಡುವ ಕೆಲಸ, ಹೊರಗೆ ಬಂದು ಎದುರುಮನೆಯಲ್ಲಿ ಲೈಟ್ ಇದೆಯಾ ಎಂದು ನೋಡುವುದು.

ಸ್ವಿಚ್ ಮೇಲೆ ತಳ್ಳಿದೆ. ಮೆಷಿನ್ನಿನ ಸದ್ದು ಮರಳಲಿಲ್ಲ; ಅವಳೇ ಅದರ ಗುಂಡಿ ಆರಿಸಿರಬೇಕು. ಮತ್ತೆ ಫೋನ್ ಮಾಡಿದೆ. ಈ ಸಲ ಎತ್ತಿದಳು.

"ಕರೆಂಟ್ ಹೋಗಿತ್ತಲ್ಲ, ನಮ್ದು ಮಾತ್ರನಾ ಅಂತ ನೋಡೋಕೆ ಹೊರಗೆ ಬಂದೆ. ಎದುರುಮನೇಲಿ ಇದೆ ಕಣ್ರೀ."

"ಒಳಗೆ ಹೋಗು."

"ಅಲ್ಲ, ಗೇಟ್ ಹತ್ರ ಲಾರಿ ಯಾಕೆ ನಿಲ್ಸಿದಾರೆ? ಲೈಟೂ ಹಾಕಿಲ್ಲ. ನೀವೇನಾದ್ರೂ ಕರೆಸಿದ್ರಾ?"

ನಾನು ಯಾವ ಲಾರಿಯನ್ನೂ ಕರೆಸಿರಲಿಲ್ಲ.

"ಮಾತಾಡ್ಬೇಡ. ಮೆಲ್ಲಗೆ ಹಿಂದೆ ಹೋಗು. ಮೂಟೆ ರೂಮಿನ ಬಾಗ್ಲು ಹಾಕ್ಕೋ."

ನಾನು ಹೇಳಿದ ಹಾಗೇ ಮಾಡಿದಳು. ಮದುವೆಯಾದಾಗಿನಿಂದ ಅದೇ ಮೊದಲ ಸಲವಿರಬೇಕು. ಚಿಲಕದ ಸದ್ದು ಕೇಳಿತು, ಆಮೇಲೆ ಅವಳ ಉಸಿರು. ಅದರಾಚೆ ಮಾಡಿನ ಮರದ ಪಕಾಸಿ ಲಟಲಟ ಮುರಿಯಿತು. ಏನೋ ದೊಡ್ಡದು ಗೋಡೆಗೆ ಮೈ ಉಜ್ಜಿತು. ನಿಧಾನವಾಗಿ ಅಗಿಯುವ ಸದ್ದು. ನಡುವೆ ಇನ್ನೊಂದು ಕರೆ ಬರುತ್ತಿರುವ ಬೀಪ್: ಮೇಲಿನ ತೋಟದವರು. ಮರ್ಯಾದೆ ಬಿಟ್ಟವರಲ್ಲ, ಸ್ವಲ್ಪ ತಡವಾಗಿತ್ತು ಅಷ್ಟೆ.

ಅದು ರಸ್ತೆ ದಾಟಿ ಹೋಯಿತೆಂದು ಎದುರುಮನೆಯವರು ಟಾರ್ಚ್ ಬೀಸಿ ಕೂಗಿದ ಮೇಲೆ ನಾವು ಇಳಿದೆವು. ಗೊನೆ ಇದ್ದ ಜಾಗದಲ್ಲಿ ಹಗ್ಗದ ತುಂಡಷ್ಟೇ ಇತ್ತು. ಕಿತ್ತಳೆಯ ಬುಟ್ಟಿ ಇಟ್ಟ ಹಾಗೇ ಇತ್ತು. ಅವಳು ಹೊರಗೆ ಬಂದು ಗೇಟಿನ ಕಡೆ ನೋಡಿದಳು. "ಅಷ್ಟು ಹತ್ರ ಇತ್ತಲ್ರೀ" ಎಂದಳು. ನನ್ನ ಮುಖದ ಬಗ್ಗೆ ಏನೂ ಹೇಳಲಿಲ್ಲ.

ಸಲಗ ಇನ್ನೂ ಇಲ್ಲೇ ಎಲ್ಲೋ ಇದೆ. ಈಗ ಅವಳು ಗೊನೆ ನೇತುಹಾಕುವುದಿಲ್ಲ. ಸಂಜೆಯಾಯಿತೆಂದರೆ "ಯಾರಾದ್ರೂ ಫೋನ್ ಮಾಡಿದ್ರಾ?" ಎಂದು ಅವಳೇ ಕೇಳುತ್ತಾಳೆ. ಇಷ್ಟು ವರ್ಷ, ಮನೆಯಲ್ಲಿ ಹೆದರುವವನು ನಾನೊಬ್ಬನೇ ಎಂಬ ಧೈರ್ಯದಲ್ಲಿ ನಾನು ಹೆದರುತ್ತಿದ್ದೆ. ಪುಡಿ ಮಾಡುತ್ತಿದ್ದವಳು ನಡುವೆಯೇ ಮೆಷಿನ್ ನಿಲ್ಲಿಸಿ ಕಿವಿಗೊಡುತ್ತಾಳೆ. ಗಿರಾಕಿಗಳು ಏನಾಯಿತೆಂದು ಕೇಳಿದರೆ, "ಬಿಸಿಯಾಗಿದೆ, ಆರಲಿ" ಎನ್ನುತ್ತಾಳಂತೆ.

ಮೇಲೆ ಕಣದಲ್ಲಿ, ಆ ಸದ್ದು ನಿಂತಾಗಲೆಲ್ಲ, ನಾನು ಟಾರ್ಪಾಲು ಕೈಬಿಟ್ಟು ಫೋನ್ ಹುಡುಕುತ್ತೇನೆ.