ಅಕ್ಕನ ಕಳ್ಳಿಗಿಡದ ಬಿಸಿಲು

ಅಕ್ಕ ತೀರಿಕೊಂಡ ಮೇಲೆ ಮಾನ್ವಿಯಲ್ಲಿದ್ದ ಅವಳ ಗಂಡನ ಮನೆಯಿಂದ ನಾನು ತಂದದ್ದು ಒಂದು ಕುಂಡ ಮಾತ್ರ. ಅದರಲ್ಲಿ ಮೂಸಂಬಿ ಗಾತ್ರದ ಒಂದು ಕಳ್ಳಿಗಿಡವಿತ್ತು. ದಿನಕರ್ಮಗಳೆಲ್ಲ ಮುಗಿದು ನಾನು ಹೊರಟಾಗ ಅವಳ ಅತ್ತೆ ಅಡುಗೆಮನೆಯ ಕಿಟಕಿಯಿಂದ ಅದನ್ನು ಎತ್ತಿ ತಂದು ನನ್ನ ಮುಂದಿಟ್ಟರು.

“ಇದನ್ನ ನೀ ಒಯ್ಯವ್ವಾ. ಮುಳ್ಳಿನ ಗಿಡ ಮನ್ಯಾಗ ಇಡಬಾರದು ಅಂತ ಆಕಿಗಿ ಎಷ್ಟ್ ಸಲ ಹೇಳಿದ್ದೆ. ಈಗ ಒಗಿಯಾಕ ನನಗ ಕೈ ಬರವಲ್ದು.”

ಬಸ್ಸಿನಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಪಕ್ಕದ ಹೆಂಗಸು ಸೆರಗನ್ನು ಅತ್ತ ಎಳೆದುಕೊಂಡು, “ಇವು ಹೂ ಬಿಡ್ತಾವೇನ್ರಿ?” ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅಷ್ಟರಲ್ಲಿ ಕಲ್ಲೂರು ಬಂತು. ಜ್ವರ ಏರಿದ ಅಕ್ಕನನ್ನು ರಾಯಚೂರಿನ ದೊಡ್ಡಾಸ್ಪತ್ರೆಗೆ ತರುತ್ತಿದ್ದಾಗ ಅವಳ ಉಸಿರು ನಿಂತದ್ದು ಈ ಊರಿನ ಹತ್ತಿರವೇ. ಕಿಟಕಿಯಾಚೆ ನೋಡಿದೆ. ಚಹಾದಂಗಡಿ, ಪಂಕ್ಚರ್ ಅಂಗಡಿಯ ಟೈರುಗಳು, ರಸ್ತೆ ದಾಟುತ್ತಿದ್ದ ಆಡುಗಳು. ಏನೂ ಅನ್ನಿಸಲಿಲ್ಲ.

ರಾಯಚೂರಿನಲ್ಲಿ ನಾನೂ ಅವ್ವನೂ ಒಂದು ನೆಲಮಾಳಿಗೆಯಂಥ ಬಾಡಿಗೆ ಮನೆಯಲ್ಲಿದ್ದೇವೆ. ಪಕ್ಕದಲ್ಲಿ ಮೂರಂತಸ್ತಿನ ಕಟ್ಟಡ ಎದ್ದ ಮೇಲೆ ನಡುಮನೆಯಲ್ಲಿ ಹಗಲಲ್ಲೂ ದೀಪ ಬೇಕು. ನಾನು ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ಅಕ್ಕನ ಕಾರ್ಯ ಮುಗಿದ ಮರುದಿನವೇ ಕೆಲಸಕ್ಕೆ ಹೋದೆ. ಕೈ ನಡುಗಲಿಲ್ಲ. ಮನೆಗೆ ಬಂದರೆ ಅವ್ವ ಅಳುತ್ತಾ ಕುಳಿತಿರುತ್ತಿದ್ದಳು.

“ನಿನಗ ಅಳು ಬರಂಗಿಲ್ಲೇನವ್ವಾ?” ಎಂದು ಒಮ್ಮೆ ಕೇಳಿದಳು.

“ಬರವಲ್ದು,” ಎಂದೆ. ಅದು ನಿಜವೇ ಆಗಿತ್ತು.

ಕಳ್ಳಿ ಎಲ್ಲಿಟ್ಟರೂ ಬದುಕುತ್ತದೆ ಎಂದು ಕೇಳಿದ್ದರಿಂದ ಕುಂಡವನ್ನು ಫ್ರಿಡ್ಜಿನ ಮೇಲಿಟ್ಟು ಮರೆತೆ. ಮಳೆಗಾಲ ಕಳೆದು ಚಳಿ ಬೀಳುವ ಹೊತ್ತಿಗೆ ಗುಂಡಗಿದ್ದ ಗಿಡದ ನೆತ್ತಿಯಿಂದ ಬೆರಳಿನಂಥ ಒಂದು ಭಾಗ ಮೇಲೆದ್ದಿತ್ತು. ಅವ್ವನಿಗೆ ಖುಷಿಯಾಯಿತು. “ನೋಡು, ಹ್ಯಾಂಗ ಬೆಳದದ!” ಅಂದಳು. ನಾನೂ ಹಾಗೇ ತಿಳಿದೆ. ಆದರೆ ಆ ಭಾಗ ಕತ್ತಲಲ್ಲಿ ಮೊಳಕೆಯೊಡೆದ ಉಳ್ಳಾಗಡ್ಡಿಯಂತೆ ಬಿಳಚಿಕೊಂಡಿತ್ತು, ಬಾಗಿಲ ಕಡೆಗೆ ವಾಲಿತ್ತು. ಮುಟ್ಟಿದರೆ ಮುಳ್ಳೂ ಮೆತ್ತಗೆ. ಅದು ಬೆಳೆಯುತ್ತಿರಲಿಲ್ಲ, ಬೆಳಕು ಹುಡುಕುತ್ತಿತ್ತು.

ಯುಗಾದಿಯ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ಅದನ್ನು ಮಾಳಿಗೆಯ ಮೇಲೆ ಒಯ್ದು ಬಿಸಿಲಲ್ಲಿಟ್ಟು ಕೆಲಸಕ್ಕೆ ಹೋದೆ. ಮರುಭೂಮಿಯ ಗಿಡಕ್ಕೆ ರಾಯಚೂರಿನ ಬಿಸಿಲು ಯಾವ ಲೆಕ್ಕ ಎಂದುಕೊಂಡಿದ್ದೆ. ಸಂಜೆ ನೋಡಿದರೆ ಒಂದು ಮಗ್ಗುಲು ಪೂರ್ತಿ ಬೆಳ್ಳಗಾಗಿತ್ತು. ಕೆಲವು ದಿನಗಳಲ್ಲಿ ಅದು ಸುಟ್ಟ ಚರ್ಮದಂತೆ ಕಂದು ಬಣ್ಣಕ್ಕೆ ತಿರುಗಿತು.

“ನೆರಳಾಗ ಇದ್ದದ್ದನ್ನ ಒಮ್ಮಿಗೇ ಬೆಂಕ್ಯಾಗ ಇಟ್ಟಿಯಲ್ಲ!” ಎಂದು ಅವ್ವ ಕುಂಡ ಹಿಡಿದುಕೊಂಡು ಅತ್ತಳು. ನಾನು ಅವಳನ್ನೂ ಗಿಡವನ್ನೂ ನೋಡುತ್ತಾ ನಿಂತೆ.

ಆ ದಿನಗಳಲ್ಲೇ ಅಕ್ಕನ ಗಂಡ ಬಂದ. ಕುರ್ಚಿಯ ತುದಿಯಲ್ಲಿ ಕುಳಿತ. ನೆಲ ನೋಡುತ್ತಾ ಹೇಳಿದ. “ಅತ್ತಿ, ಮನ್ಯಾಗ ಎಲ್ಲಾರೂ ಕೂಡಿ ನನಗ ಇನ್ನೊಂದು ಲಗ್ನ ಮಾಡಾಕತ್ತಾರ. ಹುಡುಗಿ ಮಸರಕಲ್ ಕಡೀಕಿ. ದೇವದುರ್ಗದಾಗ ಲಗ್ನ. ಬ್ಯಾರೇರ ಬಾಯಿಂದ ನಿಮಗ ತಿಳಿಯೋದು ಬ್ಯಾಡಂತ ನಾನೇ ಬಂದೆ.”

ದೇವದುರ್ಗ ನಮ್ಮದೇ ಊರು. ಅಕ್ಕನ ಮದುವೆಯೂ ಅಲ್ಲೇ ಆಗಿತ್ತು. ಅವ್ವ ಅವನನ್ನೇ ನೋಡಿದಳು. “ಚಾ ಮಾಡ್ಲೇನಪ್ಪಾ?” ಎಂದು ಕೇಳಿ ಎದ್ದು ಒಳಗೆ ಹೋದಳು.

ಆಗ ಅವನ ಕಣ್ಣು ಕುಂಡದ ಮೇಲೆ ಬಿತ್ತು. “ಇದಕ್ಕೇನಾತು?”

“ಮೊದ್ಲು ಬಿಸಲು ಕಡಿಮಿ ಆತು. ಆಮ್ಯಾಲ ಹೆಚ್ಚಾತು, ಮಾವಾ.”

“ಆಕಿ ಮೂಡಣ ಕಿಟಕ್ಯಾಗ ಇಡ್ತಿದ್ಲು. ಮುಂಜಾನಿ ಎಳೀ ಬಿಸಲು ಅಷ್ಟ. ಬಿಸಲು ಖಾರ ಆತು ಅಂದ್ರ ಪರದಾ ಎಳೀತಿದ್ಲು. ಸೋಮಾರಕ್ಕೊಮ್ಮಿ ಕುಂಡ ಒಂದೀಟು ತಿರುಗಿಸಬೇಕು ಆಕಿಗಿ. ಇಲ್ಲಂದ್ರ ಒಂದ ಕಡೀಗಿ ವಾಲ್ತದಂತ. ನಾ ನಗತಿದ್ದೆ, ದೇವರ ಪೂಜಿ ಇದ್ದಂಗ ಮಾಡ್ತೀ ನೋಡು ಅಂತ.” ಹೇಳುತ್ತಾ ಹೇಳುತ್ತಾ ಅವನ ಕಣ್ಣು ತುಂಬಿ ಬಂತು. ಅವನು ಅಳುವುದನ್ನು ನಾನು ಅದೇ ಮೊದಲ ಸಲ ನೋಡಿದ್ದು. ಒಳಗಿನಿಂದ ನೀರು ತಂದುಕೊಟ್ಟೆ.

ನಮ್ಮ ಮನೆಯಲ್ಲಿ ಪೂರ್ವಕ್ಕಿದ್ದದ್ದು ಅವ್ವನ ಕೋಣೆಯ ಕಿಟಕಿ ಒಂದೇ. ಅವಳ ಮಂಚ ಸರಿಸಿ ಅಲ್ಲಿ ಒಂದು ಸ್ಟೂಲು ಹಾಕಿದೆ. ಮೊದಲು ಕುಂಡವನ್ನು ಕಿಟಕಿಯಿಂದ ದೂರದಲ್ಲಿಟ್ಟು, ಹಳೆಯ ತೆಳು ಸೀರೆಯೊಂದನ್ನು ಅಡ್ಡ ಕಟ್ಟಿದೆ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹತ್ತಿರ ತಂದೆ. ಕೊನೆಗೆ ಸೀರೆ ತೆಗೆದೆ. ಬೆಳಗಿನ ಬಿಸಿಲು ಗಿಡದ ಮೇಲೆ ಬಿದ್ದು, ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಸ್ಟೂಲು ಬಿಟ್ಟು ನೆಲಕ್ಕಿಳಿಯುತ್ತಿತ್ತು. ಅಷ್ಟು ಸಾಕಾಯಿತು. ಸೋಮವಾರ ಸೋಮವಾರ ಕುಂಡ ತಿರುಗಿಸಿದೆ. ಪ್ರೀತಿಯಿಂದ ಎಂದು ಹೇಳಲಾರೆ. ಮಾತ್ರೆ ನುಂಗಿದ ಹಾಗೆ, ಹೇಳಿದ್ದನ್ನು ಮಾಡಿದೆ. ನೆತ್ತಿಯಲ್ಲಿ ಹೊಸ ಭಾಗ ದಪ್ಪಗೆ, ಕಡುಹಸಿರಾಗಿ ಬಂತು. ನಡುವೆ, ಕತ್ತಲಲ್ಲಿ ಬೆಳೆದ ಭಾಗ ಸಣ್ಣ ಸೊಂಟದಂತೆ ಹಾಗೇ ಉಳಿಯಿತು. ಸುಟ್ಟ ಕಲೆಯೂ ಹೋಗಲಿಲ್ಲ. ಬುಡದಲ್ಲಿ ಮಾತ್ರ ಗೋಲಿಯಂಥ ಮರಿಗಳು ಕಾಣಿಸಿಕೊಂಡವು.

ಮದುವೆಗೆ ಅವ್ವ ಬರಲಿಲ್ಲ. ನಾನು ದೇವದುರ್ಗಕ್ಕೆ ಹೋಗಿ, ಅಕ್ಷತೆ ಹಾಕಿ, ಊಟ ಮಾಡಿ ಬಂದೆ. ಹುಡುಗಿ ನನ್ನ ಕಾಲು ಮುಟ್ಟಿ “ಅಕ್ಕಾ” ಅಂದಳು. ಒಳ್ಳೆಯದಾಗಲಿ ಅಂದೆ.

ಕೆಲವು ತಿಂಗಳ ಮೇಲೆ ಅವಳೇ ಫೋನು ಮಾಡಿದಳು. “ಅಕ್ಕಾ, ಕಿಟಕ್ಯಾಗ ಕುಂಡ ಇಟ್ಟದ್ದು ದುಂಡಗ ಕಲೆ ಅದ. ಎಷ್ಟ್ ತಿಕ್ಕಿದ್ರೂ ಹೋಗವಲ್ದು. ಕೇಳಿದ್ರ ಅತ್ತಿ ಎಲ್ಲಾ ಹೇಳಿದ್ರು. ಆ ಗಿಡದ್ದು ಒಂದು ಮರಿ ನನಗ ಕೊಡ್ತೀರೇನ್ರಿ?”

ಮಾನ್ವಿಗೆ ಹೋಗಿ ಒಂದು ಮರಿಯನ್ನು ಕೊಟ್ಟು, ಎಷ್ಟು ಬಿಸಿಲು, ಎಷ್ಟು ನೀರು ಎಂದು ಹೇಳಿ ಬಂದೆ. ಒಂದು ವಾರದ ಮೇಲೆ ಅವಳು ಫೋಟೋ ಕಳಿಸಿದಳು. ಮರಿ ಅಂಗಳದಲ್ಲಿ, ತುಳಸಿಯ ಪಕ್ಕದಲ್ಲಿ, ನಡುಮಧ್ಯಾಹ್ನದ ಬಿಸಿಲಲ್ಲಿತ್ತು. ಮಣ್ಣು ಒದ್ದೆಯಾಗಿತ್ತು.

ತಕ್ಷಣ ಫೋನು ಹಚ್ಚಿದೆ. “ಯಾರ್ ಹೇಳಿದ್ರು ನಿನಗ ಹೊರಗ ಇಡು ಅಂತ? ಸಾಯಿಸಬೇಕಂತ ಮಾಡೀಯೇನು? ಅಷ್ಟ್ ಹೇಳಿ ಬಂದೀನಿ, ತಲಿಗಿ ಹೋಗಲಿಲ್ಲೇನು?” ನನ್ನ ದನಿ ನನಗೇ ಗುರುತು ಸಿಗಲಿಲ್ಲ.

“ತಪ್ಪಾತು ಅಕ್ಕಾ. ಈಗ ಒಳಗ ಇಡ್ತೀನ್ರಿ,” ಎಂದಳು ಸಣ್ಣಗೆ.

ಅವ್ವ ಮಂಚದ ಮೇಲೆ ಎದ್ದು ಕುಳಿತಿದ್ದಳು. “ಯಾರ ಮ್ಯಾಲ ಚೀರಾಕತ್ತೀ?”

ಉತ್ತರ ಹೇಳಲು ಹೋದೆ, ಅಳು ಬಂತು. ಅವಳ ಪಕ್ಕದಲ್ಲಿ ಕುಳಿತೆ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು. ಅತ್ತದ್ದು ಸ್ವಲ್ಪವೇ. ಸಂಜೆಯ ಹೊತ್ತಿಗೆ ಮತ್ತೆ ಮೊದಲಿನ ಹಾಗೆಯೇ ಆಗಿದ್ದೆ, ಎದೆಯೊಳಗೆ ಹತ್ತಿ ತುಂಬಿದ ಹಾಗೆ. ಆದರೂ ಮತ್ತೆ ಫೋನು ಮಾಡಿ, ಸಿಟ್ಟಿಲ್ಲದೆ, ಎಲ್ಲವನ್ನೂ ಇನ್ನೊಮ್ಮೆ ಬಿಡಿಸಿ ಹೇಳಿದೆ. ಅವಳು “ಹೂಂ, ಹೂಂ” ಎನ್ನುತ್ತಾ ಕೇಳಿಸಿಕೊಂಡಳು. ಮರಿ ಬದುಕಿತು. ಈಗ ಅವಳು ಆಗಾಗ ಫೋನು ಮಾಡುತ್ತಾಳೆ. ಗಿಡದ ಮಾತು ಮುಗಿದ ಮೇಲೆ, ಇವತ್ತು ಏನು ಅಡುಗೆ ಎಂದು ಕೇಳುತ್ತಾಳೆ. ನಾನು ಹೇಳುತ್ತೇನೆ.