ಮುನಿಲಕ್ಷ್ಮಮ್ಮನ ಮೊಳ

ಗಾಂಧಿಬಜಾರಿನಲ್ಲಿ ಇಪ್ಪತ್ತು ವರ್ಷದಿಂದ ಹೂ ಮಾರುವ ಮುನಿಲಕ್ಷ್ಮಮ್ಮನಿಗೆ ಅಳತೆಯಲ್ಲಿ ಮೋಸ ಎಂದರೆ ಮೈಯೆಲ್ಲ ಉರಿಯುತ್ತಿತ್ತು. ಅಂಥವಳಿಗೆ ಹಳೆಯ ಗಿರಾಕಿ ಜ್ಯೋತಿಲಕ್ಷ್ಮಿ ಒಂದು ಬೆಳಗ್ಗೆ, “ನಿಮ್ಮ ಮೊಳ ಯಾಕೋ ಗಿಡ್ಡ ಆಗಿದೆಯಲ್ಲಮ್ಮ” ಎಂದುಬಿಟ್ಟರು.

“ನೀವೇ ನೋಡ್ಕೊಳ್ಳಿ ಹಾಗಾದ್ರೆ!” ಎಂದು ಮುನಿಲಕ್ಷ್ಮಮ್ಮ ಹೂವಿನ ಹಲಗೆಯ ಒಂದು ಅಂಚಿಗೆ ಮೊಣಕೈ ಊರಿ ಕೈ ಚಾಚಿದಳು. ಮೊದಲೆಲ್ಲ ಆಚೆಯ ಅಂಚು ಮುಟ್ಟುತ್ತಿದ್ದ ನಡುಬೆರಳು ಎರಡು ಅಂಗುಲ ಈಚೆಗೇ ನಿಂತಿತು. ಬೆರಳುಗಳು ಬಾಗಿದ್ದವು, ಒತ್ತಿದರೂ ನೆಟ್ಟಗಾಗಲಿಲ್ಲ. ಎರಡೂ ಕೈಯ ಗೆಣ್ಣುಗಳು ಊದಿದ್ದವು. ಬೆಳಗ್ಗೆ ಎದ್ದರೆ ಮುಷ್ಟಿ ಬಿಚ್ಚಲು ಒಂದು ಗಂಟೆಯೇ ಹಿಡಿಯುತ್ತಿತ್ತು. ಒದ್ದೆ ಹೂವಿನ ಶೀತವೆಂದು ಅವಳು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿದ್ದಳು.

ಮಾರನೆಯ ದಿನವೇ ಆಸ್ಪತ್ರೆಗೆ ಹೋದಳು. ರಕ್ತಪರೀಕ್ಷೆಯಾದ ಮೇಲೆ ಡಾಕ್ಟರು, “ಇದು ಶೀತ ಅಲ್ಲಮ್ಮ, ರುಮಟಾಯ್ಡ್ ಆರ್ಥ್ರೈಟಿಸ್. ದೇಹದ ರಕ್ಷಣಾ ಶಕ್ತಿನೇ ಕೀಲುಗಳ ಮೇಲೆ ಬೀಳ್ತಿದೆ. ಈ ಮಾತ್ರೆ ವಾರಕ್ಕೆ ಒಂದೇ ದಿನ. ನೋವು ಕಮ್ಮಿ ಆಯ್ತು ಅಂತ ಬಿಡಬಾರ್ದು” ಎಂದರು.

ಅವಳು ಬಿಡಲಿಲ್ಲ. ಪ್ರತಿ ಸೋಮವಾರ ತಪ್ಪದೆ ಮಾತ್ರೆ ನುಂಗಿದಳು, ಡಾಕ್ಟರು ಕೇಳಿದಾಗಲೆಲ್ಲ ಪರೀಕ್ಷೆಗೆ ರಕ್ತ ಕೊಟ್ಟಳು, ಬಿಸಿನೀರಿನಲ್ಲಿ ಬೆರಳು ಆಡಿಸಿದಳು. ಎಣ್ಣೆಯೇ ಸಾಕು ಎಂದ ಅತ್ತೆಯ ಬಾಯಿ ಮುಚ್ಚಿಸಿದಳು.

ಎಂಟು ತಿಂಗಳ ಮೇಲೆ ಜ್ಯೋತಿಲಕ್ಷ್ಮಿಯವರ ಎದುರಿಗೇ ಮತ್ತೆ ಹಲಗೆಯ ಮೇಲೆ ಕೈ ಚಾಚಿ ಅಳೆದಳು. ಬೆರಳು ಇನ್ನೂ ಕಾಲು ಅಂಗುಲ ಈಚೆಗಿತ್ತು. ಮಲ್ಲಿಗೆಯ ಸರವನ್ನು ಹಲಗೆಯ ಅಂಚಿನವರೆಗೂ ಎಳೆದು ಕತ್ತರಿಸಿದಳು.

“ಬೆರಳು ಅಂಚು ಮುಟ್ಟೋ ತನಕ ಹಲಗೇಲೇ ಅಳೀತೀನಿ. ಕೈ ಬಂದೇ ಬರುತ್ತೆ, ನೋಡ್ತಿರಿ.”